ಏಳು ನಲವತ್ತೆರಡರ ಸಹಿ

ಕಳೆದ ವಾರ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಗೆಳೆಯನ ಮನೆಯಲ್ಲಿ ಊಟ ಮುಗಿಸಿ ಕೆಳಗೆ ಬಂದು, ಬಿಸಿಲಿನಲ್ಲಿ ನಿಲ್ಲಿಸಿದ್ದ ಕಾರಿನ ಬಾಗಿಲು ತೆಗೆದೆ. ಕಾದ ರೆಕ್ಸಿನ್ನಿನ ವಾಸನೆ ಮುಖಕ್ಕೆ ಹೊಡೆಯಿತು. ಈ ದೇಶಕ್ಕೆ ಬಂದು ಹದಿಮೂರು ವರ್ಷವಾದವನಿಗೆ ಅದೇನೂ ಹೊಸದಲ್ಲ. ಜೂನ್ ಬಂತೆಂದರೆ ದಿನಕ್ಕೆ ನಾಲ್ಕು ಸಲ ಅದೇ ವಾಸನೆ. ಆದರೆ ಅಂದು ಹಿಂದಿನ ಸೀಟಿನಲ್ಲಿ ನನ್ನ ಮಗಳು ಬಿಟ್ಟುಹೋಗಿದ್ದ ಕ್ರೇಯಾನ್ ಡಬ್ಬಿಯೂ ಕರಗಿ ಅಂಟಿಕೊಂಡಿತ್ತು. ರೆಕ್ಸಿನ್ನು, ಮೇಣ, ಎರಡೂ ಸೇರಿದ ಆ ವಾಸನೆಗೆ ನಾನು ಬಾಗಿಲು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಹತ್ತು ವರ್ಷಗಳ ಹಿಂದೆ ಒಂದು ಶಾಲಾ ಬಸ್ಸಿನೊಳಗೆ ಇದೇ ವಾಸನೆ ಇತ್ತು. ಆ ಬಸ್ಸಿನ ಬಾಯಮ್ಮ ನೆನಪಾದರು...

ಮಂಗಳೂರು ಕಡೆಯಲ್ಲಿ ನಾವು ಕೊಂಕಣಿ ಕ್ರಿಶ್ಚಿಯನ್ ಹೆಂಗಸರನ್ನು ಗೌರವದಿಂದ ಕರೆಯುವುದೇ ಹಾಗೆ. ಅವರದು ಕಿನ್ನಿಗೋಳಿ ಹತ್ತಿರದ ಊರು. ಆಗಲೇ ಐವತ್ತು ದಾಟಿತ್ತು. ತೆಳ್ಳಗಿನ ಮೈ, ಬಿಗಿಯಾಗಿ ಕಟ್ಟಿದ ತುರುಬು, ನೀಲಿ ಯೂನಿಫಾರ್ಮಿನ ಜೇಬಿನಲ್ಲಿ ಸದಾ ಒಂದು ಕರವಸ್ತ್ರ. ಗಂಡ ತೀರಿಕೊಂಡ ಮೇಲೆ ಅಬುಧಾಬಿಗೆ ಬಂದು ಯಾರದೋ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರಂತೆ. ಆ ಮಕ್ಕಳು ದೊಡ್ಡವರಾದ ಮೇಲೆ ಖಲೀಫಾ ಸಿಟಿಯ ಒಂದು ಶಾಲೆಯ ಬಸ್ಸಿಗೆ ಅಟೆಂಡೆಂಟ್ ಆಗಿ ಸೇರಿದರು. ಮಕ್ಕಳನ್ನು ಹತ್ತಿಸುವುದು, ಬೆಲ್ಟ್ ಹಾಕುವುದು, ಇಳಿಸುವುದು ಅವರ ಕೆಲಸ. ಮಲಯಾಳಿ, ಈಜಿಪ್ಟಿನ, ಪಾಕಿಸ್ತಾನದ, ನಮ್ಮ ಕಡೆಯ ಮಕ್ಕಳೆಲ್ಲರಿಗೂ ಅವರದು ಅರಬ್ಬಿ ಕನ್ನಡ ಬೆರೆತ ಒಂದೇ ಭಾಷೆ: "ಯಲ್ಲಾ ಬಾಬಾ, ಕೂತ್ಕೊ." ಎಲ್ಲರೂ ಕೂರುತ್ತಿದ್ದರು.

ಹಮ್ದಾನ್ ಸ್ಟ್ರೀಟಿನ ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ ನಮ್ಮ ಕಂಪನಿ ಇತ್ತು. ಐದು ಜನ ಎಂಜಿನಿಯರುಗಳು, ಒಬ್ಬ ಮ್ಯಾನೇಜರ್. ಶಾಲಾ ಬಸ್ಸುಗಳ ಹಾಜರಿಗೆ ಸಾಫ್ಟ್‌ವೇರ್ ಮಾಡುವುದು ನಮ್ಮ ಕೆಲಸ. ಮಗು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಬಾಗಿಲ ಬಳಿಯ ಯಂತ್ರಕ್ಕೆ ತನ್ನ ಕಾರ್ಡು ತೋರಿಸಬೇಕು. ಎಲ್ಲ ಮಕ್ಕಳೂ ಇಳಿದಾಗ ಅಟೆಂಡೆಂಟ್ ಕೈಯಲ್ಲಿರುವ ಟ್ಯಾಬ್ ಹಸಿರಾಗುತ್ತದೆ. ಆಗ ಅವರು ಬಸ್ಸನ್ನು ಒಮ್ಮೆ ನೋಡಿ ಒಂದು ಗುಂಡಿ ಒತ್ತಿ, ನೋಡಿದ್ದೇನೆ ಎಂದು ದೃಢಪಡಿಸಬೇಕು. ಇಷ್ಟೇ. ಇದರ ಬಹುಪಾಲು ಕೋಡ್ ಬರೆದವನು ನಾನು. ನನಗೆ ಆಗ ಇಪ್ಪತ್ತೇಳು ವರ್ಷ, ಕೆಲಸ ಚೆನ್ನಾಗಿ ಬರುತ್ತದೆಂಬ ಹೆಮ್ಮೆ ತುಂಬ ಇತ್ತು.

ಅಟೆಂಡೆಂಟರಿಗೆ ಟ್ಯಾಬ್ ಕಲಿಸಲು ಆ ಶಾಲೆಗೆ ಹೋದಾಗಲೇ ಬಾಯಮ್ಮ ಪರಿಚಯವಾದದ್ದು. ಉಳಿದವರು ತಲೆಯಾಡಿಸಿ ಸಹಿ ಹಾಕಿ ಹೋದರು. ಇವರು ಮಾತ್ರ ಕೊನೆಯವರೆಗೂ ಕುಳಿತು, ನಾನು ಮೂಡಬಿದಿರೆಯವನೆಂದು ತಿಳಿದ ಕೂಡಲೇ ತುಳು ಕನ್ನಡ ಬೆರೆಸಿ ಮಾತಿಗೆ ಶುರುಮಾಡಿದರು. ಟ್ಯಾಬ್ ಹಸಿರಾಗದಿದ್ದರೆ ಏನು ಮಾಡಬೇಕು, ಮಗು ಕಾರ್ಡು ಮನೆಯಲ್ಲಿ ಬಿಟ್ಟು ಬಂದರೆ ಏನು, ಬ್ಯಾಟರಿ ಹೋದರೆ ಏನು ಎಂದು ಒಂದೊಂದಾಗಿ ಕೇಳಿದರು. ನಾನು ನಕ್ಕು ನನ್ನ ಫೋನ್ ನಂಬರ್ ಬರೆದು ಕೊಟ್ಟೆ. ಏನು ಸಂಶಯ ಬಂದರೂ ಕರೆಮಾಡಿ ಎಂದೆ.

ಎರಡು ತಿಂಗಳಲ್ಲಿ ಶಾಲೆಯಿಂದ ದೂರು ಬರತೊಡಗಿತು. ಮಕ್ಕಳು ಇಳಿಯುವ ಗಡಿಬಿಡಿಯಲ್ಲಿ ಕಾರ್ಡು ತೋರಿಸುತ್ತಿರಲಿಲ್ಲ. ಆಗ ತಾಯಂದಿರ ಫೋನಿಗೆ 'ನಿಮ್ಮ ಮಗು ಇನ್ನೂ ಬಸ್ಸಿನಲ್ಲಿದೆ' ಎಂಬ ಸಂದೇಶ ಹೋಗುತ್ತಿತ್ತು. ಅವರು ಗಾಬರಿಯಿಂದ ಶಾಲೆಗೆ ಕರೆಮಾಡುತ್ತಿದ್ದರು. ಶಾಲೆಯವರು ನಮ್ಮ ಮ್ಯಾನೇಜರಿಗೆ ಕರೆಮಾಡುತ್ತಿದ್ದರು. ಬೆಂಗಳೂರಿನಲ್ಲಿ ಬೆಳೆದ ಅವರು ಕೆಟ್ಟ ಮನುಷ್ಯರೇನಲ್ಲ. "ಈ ಮೆಸೇಜು ನಿಲ್ಲೋ ಹಾಗೆ ಏನಾದ್ರೂ ಮಾಡಪ್ಪಾ, ತಲೆ ಚಿಟ್ಟು ಹಿಡಿದುಹೋಗಿದೆ" ಎಂದರು, ಅಷ್ಟೇ. ಹೇಗೆ ಮಾಡಬೇಕೆಂದು ಅವರು ಹೇಳಲಿಲ್ಲ. ಅದನ್ನು ಹುಡುಕಿದ್ದು ನಾನು.

ಹನ್ನೊಂದು ಸಾಲು ಬರೆದೆ. ಬಸ್ಸು ಶಾಲೆಯ ಗೇಟಿನಲ್ಲಿ ಹತ್ತು ನಿಮಿಷ ನಿಂತರೆ, ಕಾರ್ಡು ತೋರಿಸದ ಮಕ್ಕಳೂ ಇಳಿದಿದ್ದಾರೆಂದು ಲೆಕ್ಕ ಹಿಡಿದು ಟ್ಯಾಬನ್ನು ಹಸಿರು ಮಾಡುವ ಸಾಲುಗಳು. ಅದರಲ್ಲಿ ಒಂದು ತೊಡಕು ಬಂತು. 'ದೃಢಪಡಿಸಿದವರು' ಎಂಬ ಜಾಗವನ್ನು ಖಾಲಿ ಬಿಟ್ಟರೆ ಪ್ರೋಗ್ರಾಂ ಮುಂದೆ ಹೋಗುತ್ತಿರಲಿಲ್ಲ. ಆ ಜಾಗಕ್ಕೆ ಅಂದಿನ ಅಟೆಂಡೆಂಟ್ ಯಾರೋ ಅವರ ನಂಬರು ತಾನಾಗಿ ಬಂದು ಕೂರುವಂತೆ ಮಾಡಿದೆ. ಪಕ್ಕದಲ್ಲಿ 'ಸದ್ಯಕ್ಕೆ' ಎಂದು ಒಂದು ಟಿಪ್ಪಣಿ ಬರೆದೆ. ಚಹಾ ಬಂತು, ಕುಡಿದೆ. ಬೇರೆ ಕೆಲಸಕ್ಕೆ ಕೈಹಾಕಿದೆ. ದೂರುಗಳು ನಿಂತವು. ಮ್ಯಾನೇಜರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು.

ಹದಿನೈದು ದಿನ ಕಳೆದಿರಬೇಕು, ಬಾಯಮ್ಮ ಫೋನ್ ಮಾಡಿದರು.

"ಪುತಾ, ಈಗ ಮಕ್ಕಳು ಕಾರ್ಡು ತೋರಿಸದಿದ್ರೂ ಹಸಿರು ಬರ್ತದಲ್ಲ. ಅದು ಸರಿ ಉಂಟಾ?"

ಪುತಾ ಎಂದರೆ ಕೊಂಕಣಿಯಲ್ಲಿ ಮಗನೇ ಎಂದು. ನಾನು ಇನ್ನೊಂದು ಶಾಲೆಯ ಕೆಲಸದ ಮಧ್ಯೆ ಇದ್ದೆ. "ಸರಿ ಉಂಟು ಬಾಯಮ್ಮ, ಅದು ಹೊಸ ಅಪ್ಡೇಟು" ಎಂದೆ. "ಹಾಗಾದ್ರೆ ಆಯ್ತು" ಎಂದು ಇಟ್ಟರು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ ಆ ಮಾತುಕತೆ...

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಎರಡನೆಯ ವಾರ. ಆ ಬಸ್ಸಿನಲ್ಲಿ ಐದು ವರ್ಷದ ಒಬ್ಬ ಹುಡುಗಿ ಇದ್ದಳು. ನಮ್ಮ ಕಡೆಯ ಬ್ಯಾರಿ ಕುಟುಂಬದ ಮಗು. ತಂದೆಗೆ ಹಮ್ದಾನ್ ಸ್ಟ್ರೀಟಿನಲ್ಲಿ ಬಟ್ಟೆ ಅಂಗಡಿ. ಬೆಳಗ್ಗೆ ಮೈ ಸ್ವಲ್ಪ ಬೆಚ್ಚಗಿದ್ದ ಅವಳು ದಾರಿಯಲ್ಲಿ ನಿದ್ದೆ ಹೋಗಿ, ಬೆಲ್ಟಿನಡಿಯಿಂದ ನುಸುಳಿ ಹಿಂದಿನ ಸಾಲಿನ ಸೀಟಿನಿಂದ ಕೆಳಕ್ಕೆ ಜಾರಿದ್ದಳು. ಯಾರ ಕಣ್ಣಿಗೂ ಬೀಳಲಿಲ್ಲ. ಬಸ್ಸು ಗೇಟಿಗೆ ಬಂದಾಗ ಇನ್ನೊಂದು ಮಗು ವಾಂತಿ ಮಾಡಿಕೊಂಡಿತು. ಬಾಯಮ್ಮ ಅದನ್ನು ಎತ್ತಿಕೊಂಡು ಶಾಲೆಯ ಕ್ಲಿನಿಕ್ಕಿಗೆ ಹೋದರು. ಎಂದಿನಂತೆ ಕೊನೆಯ ಸೀಟಿನವರೆಗೆ ನಡೆದು ನೋಡಲು ಆಗಲಿಲ್ಲ. ಟ್ಯಾಬ್ ಹಸಿರಾದರೆ ಸಾಕು, ಗೇಟು ಖಾಲಿ ಮಾಡಿ ಎಂದು ಸೂಪರ್‌ವೈಸರ್ ಮೊದಲೇ ಹೇಳಿದ್ದರಿಂದ, ಬಾಗಿಲ ಬಳಿಯ ಯಂತ್ರದಲ್ಲೂ ಅದೇ ಹಸಿರು ಕಂಡ ಡ್ರೈವರ್ ಬಸ್ಸನ್ನು ಹಿಂದಿನ ಅಂಗಳಕ್ಕೆ ಒಯ್ದು, ಬೀಗ ಹಾಕಿ ಹೋದ. ಬಾಯಮ್ಮ ಬಂದು ನೋಡಿದಾಗ ಬಸ್ಸಿರಲಿಲ್ಲ. ಕೈಯಲ್ಲಿದ್ದ ಟ್ಯಾಬ್ ಹಸಿರಾಗಿತ್ತು.

ಒಂಬತ್ತರ ಹೊತ್ತಿಗೆ ಸ್ಟಾಫಿನ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಅವರಿಗೆ ನೆನಪಾಯಿತಂತೆ. ಆ ಹುಡುಗಿ ದಿನಾ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕಾಲು ಮುಂದೆ ಮಾಡಿ ಬೂಟಿನ ಲೇಸು ಕಟ್ಟಿಸಿಕೊಂಡೇ ಇಳಿಯುವವಳು. ಇವತ್ತು ನಾನು ಆ ಲೇಸು ಕಟ್ಟಲೇ ಇಲ್ಲವಲ್ಲ ಎಂದುಕೊಂಡವರು ಲೋಟ ಇಟ್ಟು ಓಡಿದರು. ಡ್ರೈವರ್ ಕೀಲಿ ತರುವವರೆಗೂ ಕಾಯದೆ, ಹೊರಗಿದ್ದ ಎಮರ್ಜೆನ್ಸಿ ಹಿಡಿ ಎಳೆದು ಬಾಗಿಲು ತೆರೆದರು. ಮಗುವಿಗೆ ಪ್ರಜ್ಞೆ ಇರಲಿಲ್ಲ. ಉಸಿರಿತ್ತು.

ಮಧ್ಯಾಹ್ನದೊಳಗೆ ಸುದ್ದಿ ನಮ್ಮ ಕಚೇರಿಗೆ ಬಂತು. ಮ್ಯಾನೇಜರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಬಸ್ಸಿನ ಆಗುಹೋಗುಗಳೆಲ್ಲ ತಾವಾಗಿ ದಾಖಲಾಗುವ ಪಟ್ಟಿಯನ್ನು ನಾವು ಲಾಗ್ ಎನ್ನುತ್ತೇವೆ. ಅದು ತೆರೆದಿತ್ತು. ಅದರಲ್ಲಿ, ಬೆಳಗ್ಗೆ ಏಳು ನಲವತ್ತೆರಡಕ್ಕೆ ಬಸ್ಸು ಖಾಲಿ, ದೃಢಪಡಿಸಿದವರು ಇಂಥ ನಂಬರಿನ ಅಟೆಂಡೆಂಟ್ ಎಂದಿತ್ತು. ಬಾಯಮ್ಮನ ನಂಬರು.

"ಅವರು ಒತ್ತಿರಲಿಕ್ಕಿಲ್ಲ ಸರ್. ಅದು ನನ್ನ ಕೋಡ್ ಹಾಕಿದ್ದು" ಎಂದೆ.

ಅವರು ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. "ನೋಡಪ್ಪಾ, ನಾವು ಸುಳ್ಳು ಹೇಳೋದು ಬೇಡ. ಲಾಗ್‌ನಲ್ಲಿ ಏನಿದೆಯೋ ಅಷ್ಟನ್ನ ಬರಿ. ಸಾಕು."

ಬರೆದೆ. ಈ ಮಾತನ್ನು ನಾನು ಮುಚ್ಚಿಡುವುದಿಲ್ಲ. 'ಲಾಗ್ ಪ್ರಕಾರ ಅಟೆಂಡೆಂಟ್ ದೃಢಪಡಿಸಿರುತ್ತಾರೆ' ಎಂಬ ವಾಕ್ಯವನ್ನು ನನ್ನ ಕೈಯಿಂದಲೇ ಬರೆದು, ನನ್ನ ಹೆಸರು ಹಾಕಿ ಕಳಿಸಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ, ಆದರೆ ಇಡೀ ವಾಕ್ಯವೇ ಸುಳ್ಳು. ಎರಡು ದಿನ ಕಚೇರಿಗೆ ಹೋದೆ, ಬಂದೆ. ಮಗು ಆಸ್ಪತ್ರೆಯಲ್ಲಿ ಕಣ್ಣು ತೆರೆದಿದೆ ಎಂದು ಯಾರೋ ಹೇಳಿದಾಗ, ಇನ್ನು ಎಲ್ಲ ತಣ್ಣಗಾಗಬಹುದು ಎಂದು ಒಳಗೊಳಗೇ ಲೆಕ್ಕ ಹಾಕಿದವನೂ ನಾನೇ.

ಮೂರನೆಯ ದಿನ ಬಾಯಮ್ಮನ ಫೋನ್ ಬಂತು. ಅವರನ್ನು ಕೆಲಸದಿಂದ ನಿಲ್ಲಿಸಿ, ಪೊಲೀಸರು ಕರೆದು ಕೇಳಿ, ಪಾಸ್‌ಪೋರ್ಟ್ ಇರಿಸಿಕೊಂಡಿದ್ದರು. ಬೈಯುತ್ತಾರೆಂದು ಕಾದೆ. ಅವರ ದನಿ ತೀರ ಸಣ್ಣದಾಗಿತ್ತು.

"ಪುತಾ, ನಿನ್ನ ಹತ್ತಿರ ಒಂದು ಕೇಳ್ಲಿಕ್ಕುಂಟು. ನಾನು ಏಳು ನಲವತ್ತೆರಡಕ್ಕೆ ಗುಂಡಿ ಒತ್ತಿದ್ದೇನೆ ಅಂತ ಇವರ ಕಾಗದದಲ್ಲಿ ಉಂಟು. ನಾನು ಆಗ ಕ್ಲಿನಿಕ್ಕಲ್ಲಿ ಮಗುವಿನ ಬಾಯಿ ತೊಳಿತಾ ಇದ್ದೆ. ಒತ್ತಿದ ನೆನಪೇ ಇಲ್ಲ ನನಗೆ. ಮರೆವು ಶುರು ಆಯ್ತಾ ಅಂತ ಹೆದರಿಕೆ ಆಗ್ತದೆ. ನಾನು ಒತ್ತಿದ್ದೇನಾ?"

ನನ್ನ ಹನ್ನೊಂದು ಸಾಲು ಏನು ಮಾಡಿತೆಂಬುದು ಆಗ ನನಗೆ ಪೂರ್ತಿ ಅರ್ಥವಾಯಿತು. ಒಂದು ಮಗುವನ್ನು ಬಿಸಿಲಿನಲ್ಲಿ ಬಿಟ್ಟದ್ದಲ್ಲದೆ, ಒಬ್ಬ ನೆಟ್ಟಗಿನ ಹೆಂಗಸು ತನ್ನ ನೆನಪನ್ನೇ ನಂಬದ ಹಾಗೆ ಮಾಡಿತ್ತು.

"ಇಲ್ಲ ಬಾಯಮ್ಮ. ನೀವು ಒತ್ತಿಲ್ಲ."

"ಮತ್ತೆ ಯಾರು ಒತ್ತಿದ್ದು?"

"ನಾನು."

ಹೇಗೆಂದು ವಿವರಿಸಿ ಫೋನ್ ಇಟ್ಟೆ. ಅರ್ಧ ಗಂಟೆಯೊಳಗೆ ನಾನು ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಮ್ಯಾನೇಜರ ಎದುರು ನಿಂತಿದ್ದೆ. ಪೊಲೀಸ್ ಠಾಣೆಗೆ ಹೋಗುತ್ತಿದ್ದೇನೆ ಎಂದೆ. ವೀಸಾ, ಕೆಲಸ, ಮುಂದಿನ ಜೀವನ ಎಂದೆಲ್ಲ ಅವರು ಹೇಳಿದರು. ನನ್ನ ಒಳ್ಳೆಯದಕ್ಕೇ ಹೇಳಿದರೆಂದು ಈಗಲೂ ನಂಬುತ್ತೇನೆ. ಕೊನೆಗೆ, "ನಾನು ಹೇಳಿದ್ದಕ್ಕೆ ಮಾಡಿದೆ ಅಂತೀಯಾ?" ಎಂದು ಕೇಳಿದರು. ನೀವು ಮೆಸೇಜು ನಿಲ್ಲಿಸು ಅಂದಿರಿ, ಅದನ್ನು ಹೇಳುತ್ತೇನೆ, ಹೀಗೆ ನಿಲ್ಲಿಸಿದ್ದು ನಾನು, ಅದನ್ನೂ ಹೇಳುತ್ತೇನೆ ಎಂದೆ.

ಠಾಣೆಯಲ್ಲಿ ನನ್ನ ಮಾತನ್ನು ಅರಬ್ಬಿಗೆ ತಿರುಗಿಸಲು ಒಬ್ಬ ಅನುವಾದಕರನ್ನು ಕರೆಸಿದರು. ಕೋಡ್ ತೋರಿಸಿದೆ. 'ಸದ್ಯಕ್ಕೆ' ಎಂಬ ಟಿಪ್ಪಣಿ ತೋರಿಸಿದೆ. ನಾನೇ ಬರೆದ ವರದಿ ಹೇಗೆ ದಾರಿ ತಪ್ಪಿಸುತ್ತದೆಂದು ವಿವರಿಸಿದೆ. ಆ ತನಿಖಾಧಿಕಾರಿ ತಾಳ್ಮೆಯ ಮನುಷ್ಯ. ಒಂದೊಂದು ವಾಕ್ಯಕ್ಕೂ ನಿಲ್ಲಿಸಿ, ಮಾಡಿದ್ದು ಯಂತ್ರವೋ ನೀನೋ ಎಂದು ಕೇಳುತ್ತಿದ್ದರು. ಯಂತ್ರ ಎಂದು ಎರಡು ಸಲ ಬಾಯಿಗೆ ಬಂತು. ಎರಡು ಸಲವೂ ತಿದ್ದಿ ನಾನು ಎಂದೆ. ಇದಕ್ಕೆ ತಿಂಗಳುಗಳ ಮೊದಲೇ ಬಾಯಮ್ಮ ಫೋನ್ ಮಾಡಿ ಎಚ್ಚರಿಸಿದ್ದರೆಂದೂ, ಸರಿ ಇದೆ ಎಂದು ನಾನು ಹೇಳಿದ್ದೆನೆಂದೂ ತಿಳಿಸಿದೆ. ಅವರು ತಲೆಯೆತ್ತಿ ನೋಡಿದರು. ಆ ವಿಷಯ ಅವರ ಕಾಗದಗಳಲ್ಲಿ ಎಲ್ಲೂ ಇರಲಿಲ್ಲ.

ಆಮೇಲೆ ಕಾರ್ಡಿನ ಯಂತ್ರ ತೋರಿಸಲು ನನ್ನನ್ನು ಆ ಬಸ್ಸಿಗೆ ಕರೆದೊಯ್ದರು. ಮಗುವಿನ ಚೀಲದಿಂದ ಬಿದ್ದ ಕ್ರೇಯಾನುಗಳು ಸೀಟಿನ ಕೆಳಗೆ ಕರಗಿ ಹರಡಿದ್ದವು. ಕಿತ್ತಳೆ, ಹಸಿರು... ಅಷ್ಟು ಸಾಕು. ಅದಕ್ಕಿಂತ ಹೆಚ್ಚು ಬರೆಯಲಾರೆ.

ಮರುದಿನ ಬಾಯಮ್ಮನನ್ನೂ ಮತ್ತೆ ಕರೆಸಿದ್ದರು. ಕಾರಿಡಾರಿನ ಬೆಂಚಿನಲ್ಲಿ ಅವರ ಪಕ್ಕ ಹೋಗಿ ಕುಳಿತೆ. ಕ್ಷಮೆ ಕೇಳಬೇಕೆಂದುಕೊಂಡಿದ್ದವನ ಬಾಯಿಂದ ಬಂದದ್ದು ಬೇರೆಯೇ. "ನನಗೆ ಫೋನ್ ಮಾಡಿದ್ದನ್ನು ನೀವು ಯಾಕೆ ಹೇಳ್ಲಿಲ್ಲ ಬಾಯಮ್ಮ?"

ಅವರು ಕರವಸ್ತ್ರವನ್ನು ನಾಲ್ಕಾಗಿ ಮಡಚಿ ಮತ್ತೆ ಬಿಡಿಸಿದರು. "ಹೇಳಿದ್ರೆ ನನ್ನ ತಪ್ಪು ಕಡಿಮೆ ಆಗ್ತದಾ? ಕ್ಲಿನಿಕ್ಕಿಂದ ಬಂದ ಮೇಲೆ ನಾನು ಅಂಗಳಕ್ಕೆ ಹೋಗಿ ಬಸ್ಸು ನೋಡ್ಬಹುದಿತ್ತು. ಹೋಗ್ಲಿಲ್ಲ. ಅದು ನನ್ನದು. ಅದನ್ನು ನಿನ್ನ ತಲೆಗೆ ಕಟ್ಲಿಕ್ಕೆ ಆಗುದಿಲ್ಲ." ಕರವಸ್ತ್ರವನ್ನು ಮತ್ತೆ ಮಡಚುತ್ತ, "ನಿನ್ನದನ್ನು ನಾನು ಹೊರ್ಲಿಕ್ಕೂ ಆಗುದಿಲ್ಲ ಪುತಾ" ಎಂದರು.

ಕೋಪವಿರಲಿಲ್ಲ. ಸಮಾಧಾನ ಮಾಡುವ ಧಾಟಿಯೂ ಅಲ್ಲ. ಒಳಗೆ ಕರೆದಾಗ ಎದ್ದು ಹೋದರು.

ಮಗು ಹನ್ನೊಂದು ದಿನಕ್ಕೆ ಮನೆಗೆ ಬಂತು. ಬಹಳ ಕಾಲ ಮುಚ್ಚಿದ ಕೋಣೆಯಲ್ಲಿ ಮಲಗುತ್ತಿರಲಿಲ್ಲವಂತೆ. ನಾನು ಅಂಗಡಿಗೆ ಹೋಗಿ ಅವಳ ತಂದೆಯನ್ನು ಕಂಡೆ. ಅವರು ಒಂದು ಥಾನು ಬಟ್ಟೆ ಸುತ್ತುತ್ತ ನಾನು ಹೇಳಿದ್ದನ್ನೆಲ್ಲ ಕೊನೆಯವರೆಗೆ ಕೇಳಿದರು. "ನೀವು ಬಂದು ಹೇಳಿದ್ದು ಒಳ್ಳೇದಾಯ್ತು. ಇನ್ನು ಬರ್ಬೇಡಿ" ಎಂದರು. ಇಳಿದು ಬಂದೆ.

ವಿಚಾರಣೆ ತಿಂಗಳುಗಟ್ಟಲೆ ನಡೆಯಿತು. ಬಾಯಮ್ಮ ಗುಂಡಿ ಒತ್ತಿ ಸುಳ್ಳು ಹೇಳಿದವರಲ್ಲ ಎಂಬುದು ಕಾಗದದಲ್ಲಿ ಸ್ಪಷ್ಟವಾಯಿತು. ಎಚ್ಚರಿಕೆ ಕೊಟ್ಟು ಅವರನ್ನು ಬಿಟ್ಟರು. ನನ್ನ ಪಾಲಿಗೆ ಬಂದ ಶಿಕ್ಷೆಯನ್ನು ನಾನು ಅನುಭವಿಸಿದೆ. ಅದು ಹೆಚ್ಚಾಯಿತೆಂದು ಒಂದು ದಿನವೂ ಅನಿಸಲಿಲ್ಲ. ಕೆಲಸ ಹೋಯಿತು. ಆಮೇಲೆ ಹೋದ ಎರಡು ಸಂದರ್ಶನಗಳಲ್ಲಿ ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದರು, ಇದ್ದದ್ದು ಇದ್ದಹಾಗೆ ಹೇಳಿದೆ, ಆ ಕೆಲಸಗಳು ಸಿಗಲಿಲ್ಲ. ಮೂರನೆಯ ಕಡೆಯೂ ಅದನ್ನೇ ಹೇಳಿದೆ. ಅವರು ತೆಗೆದುಕೊಂಡರು. ದುಬೈಯಲ್ಲಿ ಲಿಫ್ಟುಗಳ ಸಾಫ್ಟ್‌ವೇರ್ ಮಾಡುವ ಆ ಕಂಪನಿಯಲ್ಲೇ ಈಗಲೂ ಇದ್ದೇನೆ.

ಬಾಯಮ್ಮನ ವೀಸಾವನ್ನು ಶಾಲೆ ನವೀಕರಿಸಲಿಲ್ಲ. ಪೊಲೀಸರು ಬಿಟ್ಟುಕಳಿಸಿದ ಮೇಲೂ ಆ ಬಸ್ಸಿಗೆ ಅವರನ್ನು ಹತ್ತಿಸಲು ಯಾರಿಗೂ ಮನಸ್ಸಿರಲಿಲ್ಲ. ವಿಮಾನ ನಿಲ್ದಾಣಕ್ಕೆ ಬಿಡಲು ನಾನೇ ಹೋದೆ. ದಾರಿಯುದ್ದಕ್ಕೂ ಊರಿನ ಮನೆಯ ಮಾಡು ಸೋರುತ್ತದೆ, ರಿಪೇರಿ ಆಗಬೇಕು, ತಂಗಿಗೆ ಒಬ್ಬಳಿಗೇ ಕಷ್ಟ ಎಂದೆಲ್ಲ ಮಾತಾಡಿದರು. ಬಸ್ಸಿನ ಮಾತು ಇಬ್ಬರೂ ಎತ್ತಲಿಲ್ಲ. ಇಳಿಯುವಾಗ ಮಾತ್ರ, "ಇನ್ನು ಆ ಕೆಲಸ ಮಾಡ್ತೀಯಾ?" ಎಂದು ಕೇಳಿದರು. ಹೌದು, ಬರುವುದು ಅದೊಂದೇ ಎಂದೆ. "ಮಾಡು. ಗೊತ್ತಾದವ ಮಾಡುದೇ ಒಳ್ಳೇದು" ಎಂದು ಟ್ರಾಲಿ ತಳ್ಳಿಕೊಂಡು ಹೋದರು...

ಮಾಡುತ್ತಿದ್ದೇನೆ. ನಮ್ಮ ಕಸುಬಿನಲ್ಲಿ ತಪ್ಪುಗಳೆಲ್ಲ ತಾವಾಗಿಯೇ ಆಗುತ್ತವೆ. ಸಿಸ್ಟಮ್ ಹಾಗೆ ತೋರಿಸಿತು, ಅಪ್ಡೇಟ್ ಆದ ಮೇಲೆ ಹಾಗಾಯಿತು, ಡೇಟಾ ಹಾಗೆ ಬಂತು. ನಮ್ಮ ವರದಿಗಳಲ್ಲಿ ಕ್ರಿಯಾಪದಗಳಿರುತ್ತವೆ, ಮಾಡಿದವರು ಇರುವುದಿಲ್ಲ. ಕೇಳಿದ ಗಿರಾಕಿ, ಅವಸರ ಮಾಡಿದ ಮ್ಯಾನೇಜರು, ಪರೀಕ್ಷಿಸದ ಸಹೋದ್ಯೋಗಿ ಎಲ್ಲರಿಗೂ ಪಾಲು ಇದೆ, ನಿಜ. ಆದರೆ ನನ್ನ ಪಾಲು ಅವರಿಗೆ ಹಂಚಿ ಮುಗಿಯುವಂಥದ್ದಲ್ಲ. ನನ್ನ ತಂಡದಲ್ಲಿ ಈಗ ಒಂದು ನಿಯಮವಿದೆ. ಮನುಷ್ಯರು ನೋಡದೆ ಇದ್ದದ್ದಕ್ಕೆ ಯಾವ ಮನುಷ್ಯರ ಹೆಸರೂ ಬೀಳಬಾರದು. ಹೊಸದೇನು ಬರೆದರೂ, ಬರೆದವರೇ ಹೋಗಿ ಆ ಲಿಫ್ಟಿನಲ್ಲಿ ನಿಂತು ನೋಡಬೇಕು. ಎರಡು ವರ್ಷದ ಹಿಂದೆ ಬಾಗಿಲಿನ ಒಂದು ದೋಷ ತಿದ್ದುವವರೆಗೂ ಬಿಡುಗಡೆಗೆ ಸಹಿ ಹಾಕುವುದಿಲ್ಲ ಎಂದು ಕೂತಿದ್ದೆ. ಮೇಲಿನವರು ಮೂರು ವಾರ ಮುಖ ಗಂಟಿಕ್ಕಿಕೊಂಡಿದ್ದರು. ನಾನು ನಿಶ್ಚಿಂತೆಯಿಂದ ನಿದ್ದೆ ಮಾಡಿದೆ.

ಮೊದಲ ಕೆಲವು ವರ್ಷ ಕ್ರಿಸ್‌ಮಸ್ಸಿಗೆ ಬಾಯಮ್ಮನಿಗೆ ತಪ್ಪದೆ ಫೋನ್ ಮಾಡುತ್ತಿದ್ದೆ. ಆಮೇಲೆ ಮದುವೆ, ಮಗಳು, ಮನೆ ಬದಲಾವಣೆ... ಒಂದು ವರ್ಷ ತಪ್ಪಿತು. ತಪ್ಪಿದ ಮೇಲೆ ಏನು ಹೇಳಿ ಶುರುಮಾಡುವುದೆಂದು ಇನ್ನೊಂದು ವರ್ಷವೂ ಹೋಯಿತು.

ಅಂದು ಕಾರು ತಣ್ಣಗಾಗಲೆಂದು ಎ.ಸಿ. ಹಾಕಿ ಬಿಟ್ಟು, ಆಮೇಲೆ ನೇರ ಹಮ್ದಾನ್ ಸ್ಟ್ರೀಟಿಗೆ ಹೋದೆ. ಬರಬೇಡಿ ಎಂದಿದ್ದವರ ಅಂಗಡಿಯೊಳಗೆ ಹೋಗಲಿಲ್ಲ. ಎದುರಿನ ಫುಟ್‌ಪಾತಿನಲ್ಲಿ ನಿಂತಿದ್ದೆ. ಅವರೇ ಹೊರಗೆ ಬಂದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಮಗಳು ಹತ್ತನೇದು ಪಾಸಾದ್ಳು" ಎಂದರು, ಬೇರೆ ಯಾವ ಮಾತೂ ಇಲ್ಲದೆ. "ನನಗಿಂತ ಉದ್ದ ಆಗಿದ್ದಾಳೆ ಈಗ. ಆ ಬಾಯಮ್ಮನ ನಂಬರ್ ಉಂಟಾ ನಿಮ್ಮ ಹತ್ರ? ಉಂಟಾದ್ರೆ ಅವರಿಗೆ ಇದನ್ನೊಂದು ಹೇಳಿ."

ಸಂಜೆ ಮನೆಗೆ ಬಂದವನೇ ಕರೆಮಾಡಿದೆ. ಬಹಳ ಹೊತ್ತು ರಿಂಗಾಯಿತು. ಎತ್ತಿದ್ದು ಅವರ ತಂಗಿ. ಬಾಯಮ್ಮ ಇದ್ದಾರಾ ಎಂದು ಕೇಳಿದೆ.

"ಅಕ್ಕ ಇಲ್ಲ ಈಗ. ಫೆಬ್ರವರಿಯಲ್ಲಿ ಹೋದಳು. ಮೂರು ದಿನ ಜ್ವರ, ಅಷ್ಟೇ" ಎಂದರು. "ನೀವು ಯಾರು?"

ನಾಲ್ಕು ತಿಂಗಳು. ಎರಡು ವರ್ಷದಿಂದ ಮಾಡದ ಒಂದು ಫೋನು, ನಾಲ್ಕೇ ತಿಂಗಳು ತಡವಾಗಿ ಮಾಡಿದ್ದೆ. ಆದರೂ ಯಾರೆಂದು ಹೇಳುವುದು ಕಷ್ಟವಾಗಲಿಲ್ಲ. "ಅಬುಧಾಬಿಯಲ್ಲಿ ಬಾಯಮ್ಮನ ಬಸ್ಸಿನ ಸಾಫ್ಟ್‌ವೇರ್ ಬರೆದವ. ಆ ತಪ್ಪು ಮಾಡಿದವ ನಾನು."

"ಗೊತ್ತುಂಟು" ಎಂದರು. ಆಮೇಲೆ ಮೆಲ್ಲಗೆ ಕೇಳಿದರು, "ಅವಳಿಗೆ ಎಂಥ ಹೇಳ್ಲಿಕ್ಕೆ ಇತ್ತು?"

ಹೇಳಿದೆ. ಹುಡುಗಿ ಪಾಸಾದದ್ದು, ತಂದೆಗಿಂತ ಎತ್ತರ ಬೆಳೆದದ್ದು, ತಂದೆಯೇ ಹೇಳಿಕಳಿಸಿದ್ದು. ಅವರು ಮಗುವಿನ ಹೆಸರು ಕೇಳಿದರು. ಹೇಳಿದೆ. ಅವರು ಅದನ್ನು ತಪ್ಪಾಗಿ ಹೇಳಿದರು, ನಾನು ತಿದ್ದಿದೆ, ಎರಡನೆಯ ಸಲ ಸರಿಯಾಗಿ ಹೇಳಿದರು.

"ಆಯ್ತು. ಆದಿತ್ಯವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಹಿಂದೆ ಅವಳ ಸಮಾಧಿ ಹತ್ತಿರ ಹೋಗ್ಲಿಕ್ಕುಂಟು. ಆಗ ಹೇಳ್ತೇನೆ."